ಇನ್ನೂ ನಲವತ್ತು ಓಡುತ್ತೆ

ಫೆಬ್ರವರಿ 9, ಭಾನುವಾರ

ಈ ಡೈರಿ ಹಾಲಿನ ಸೊಸೈಟಿಯವರು ಹೊಸ ವರ್ಷಕ್ಕೆ ಕೊಟ್ಟದ್ದು. ಇಷ್ಟು ದಿನ ಫ್ರಿಜ್ಜಿನ ಮೇಲೆ ಧೂಳು ತಿನ್ನುತ್ತ ಬಿದ್ದಿತ್ತು. ಇವತ್ತು ಇದಕ್ಕೊಂದು ಕೆಲಸ ಸಿಕ್ಕಿದೆ. ನನ್ನ ಗಂಡನನ್ನು ಬಾಯಿಬಿಟ್ಟು ಬೈದರೆ ಅತ್ತೆ ಬೈರಮ್ಮನವರು ಹಜಾರದಿಂದಲೇ "ಏನೇ ಅದು?" ಅನ್ನುತ್ತಾರೆ. ಇಲ್ಲಿ ಬೈದರೆ ಯಾರಿಗೂ ಕೇಳಿಸುವುದಿಲ್ಲ.

ಯಶವಂತಪುರದಲ್ಲಿ ಮದುವೆ. ನಾನು ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಕಾರು ಹತ್ತಿದೆ. ಕೋಗಿಲು ಕ್ರಾಸ್ ದಾಟುವಷ್ಟರಲ್ಲಿ ಇವರು ಎ.ಸಿ. ಆಫ್ ಮಾಡಿದರು. ನಮ್ಮ ಮನೆಯಲ್ಲಿ ಎ.ಸಿ. ಆಫ್ ಆಯಿತು ಅಂದರೆ ಪೆಟ್ರೋಲ್ ತಳ ಕಂಡಿದೆ ಅಂತಲೇ ಅರ್ಥ. ಬಗ್ಗಿ ನೋಡಿದೆ. ಕಿತ್ತಳೆ ಬಣ್ಣದ ಲೈಟು ನಿಗಿನಿಗಿ ಉರಿಯುತ್ತಿತ್ತು.

"ರೀ, ಲೈಟು ಹತ್ತಿದೆ."

"ಎಲ್ಲೇ ಹತ್ತೈತೆ?" ಅಂತ ಮುಖ ಮುಂದೆ ತಂದು ನೋಡಿದರು. ಆಮೇಲೆ, "ಹತ್ತಿದ್ರೂ ಇನ್ನೂ ನಲವತ್ತು ಓಡ್ತದೆ ಬಿಡು. ಓಡ್ಸೋರಿಗೆ ಗೊತ್ತಿರ್ತದೆ, ಪಕ್ಕ ಕೂತೋರಿಗೆ ಯಾಕೆ ಚಿಂತೆ?" ಅಂದರು.

ಪಕ್ಕ ಕೂತವಳ ಚಿಂತೆ ಹೆಬ್ಬಾಳದ ಫ್ಲೈಓವರ್ ಮೇಲೆ ನಿಜವಾಯಿತು. ಏರುವಾಗ ಎರಡು ಸಲ ಕೆಮ್ಮಿ ಗಾಡಿ ನಿಂತಿತು. ಹಿಂದೆ ಇಡೀ ಬೆಂಗಳೂರು ಹಾರ್ನ್ ಹೊಡೆಯುತ್ತಿತ್ತು. ತಳ್ಳುವವರು ಯಾರು? ನಾನು. "ಸ್ಟೇರಿಂಗ್ ಇಡ್ಕೊಳ್ಳೋಕೆ ಗೊತ್ತಿರೋರು ಬೇಕಲ್ವೇನೇ" ಅಂದರು ಮಹಾನುಭಾವರು, ಸೀಟಿನಿಂದ ಏಳದೆ. ಬೈಕಿನಲ್ಲಿ ಹೋಗುತ್ತಿದ್ದ ಇಬ್ಬರು ಕನಿಕರಪಟ್ಟು ಕೈ ಹಾಕಿದರು. ಅದರಲ್ಲಿ ಒಬ್ಬ, "ಆಂಟಿ, ಸೀರೆ ಹುಷಾರು" ಅಂದ. ಈ ಮದುವೆಗೆ ಹೊರಟ ಮೇಲೆ ನನ್ನ ಸೀರೆಯ ಬಗ್ಗೆ ಯೋಚಿಸಿದ ಒಬ್ಬನೇ ಗಂಡಸು.

ಛತ್ರ ತಲುಪಿದಾಗ ಕೊನೆಯ ಪಂಕ್ತಿ ಎದ್ದಿತ್ತು. ಅನ್ನ, ಸಾರು ಸಿಕ್ಕಿತು. ಪಾಯಸದ ಪಾತ್ರೆಯನ್ನು ತೊಳೆಯಲು ಒಯ್ಯುತ್ತಿದ್ದರು.

ಫೆಬ್ರವರಿ 12, ಬುಧವಾರ

ಈ ನಲವತ್ತು ಕಿಲೋಮೀಟರಿನ ಶಾಸ್ತ್ರ ಎಲ್ಲಿಂದ ಬಂತು ಅಂತ ಬರೆದಿಡಬೇಕು. ಮುಂದಿನ ಪೀಳಿಗೆಗೆ ಉಪಯೋಗವಾದೀತು.

ನಮ್ಮ ತೋಟದಲ್ಲಿ ದ್ರಾಕ್ಷಿ ಇದ್ದ ಕಾಲದಲ್ಲಿ ಇವರು ಟೆಂಪೋದಲ್ಲಿ ದ್ರಾಕ್ಷಿ ತುಂಬಿಕೊಂಡು ಮಾರ್ಕೆಟ್ಟಿಗೆ ಹೋಗುತ್ತಿದ್ದರಂತೆ. ಟ್ಯಾಂಕ್ ತುಂಬಿಸಿದರೆ ಭಾರ ಜಾಸ್ತಿ, ಅದರ ಬದಲು ಇನ್ನೊಂದು ಕ್ರೇಟ್ ದ್ರಾಕ್ಷಿ ಏರಿಸಬಹುದು ಅನ್ನುವುದು ಇವರ ಲೆಕ್ಕ. ಈಗ ದ್ರಾಕ್ಷಿ ತೋಟದ ಜಾಗದಲ್ಲಿ ಬಾಡಿಗೆ ಮನೆಗಳು ನಿಂತಿವೆ. ಟೆಂಪೋ ಗುಜರಿಗೆ ಹೋಗಿ ಯಾವ ಕಾಲವಾಯಿತು. ಆದರೆ ನನ್ನ ಗಂಡ ಭೀಮರಾಜ್ ಸಾಹೇಬರು ಮಾತ್ರ ಇವತ್ತಿಗೂ ಹಿಂದೆ ದ್ರಾಕ್ಷಿ ಕ್ರೇಟ್ ಇದೆಯೇನೋ ಅನ್ನುವ ಹಾಗೆ ಖಾಲಿ ಟ್ಯಾಂಕಿನಲ್ಲೇ ಗಾಡಿ ಓಡಿಸುತ್ತಾರೆ. ಅರ್ಧ ಟ್ಯಾಂಕ್ ಪೆಟ್ರೋಲ್ ಇರುವುದನ್ನು ನಾನು ಮದುವೆಯಾದಾಗಿನಿಂದ ನೋಡಿಲ್ಲ.

ಇದರ ಜೊತೆಗೆ ಅತ್ತೆಯ ಶನಿವಾರ. ಶನಿವಾರ ಮನೆಗೆ ಎಣ್ಣೆ ತರಬಾರದು ಅನ್ನುವುದು ಎಲ್ಲರ ಮನೆಯಲ್ಲೂ ಇದೆ. ನಮ್ಮ ಮನೆಯಲ್ಲಿ ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ, ಗ್ರೀಸು ಎಲ್ಲವೂ ಅದರೊಳಗೇ ಬರುತ್ತವೆ. ಮಾವ ಚಿಕ್ಕಹನುಮಯ್ಯನವರು ಒಂದು ಶನಿವಾರ ಪಂಪ್‌ಸೆಟ್ಟಿಗೆ ಡೀಸೆಲ್ ತಂದರಂತೆ, ಮಾರನೇ ದಿನವೇ ಆಲಿಕಲ್ಲು ಬಿದ್ದು ದ್ರಾಕ್ಷಿ ಪೂರಾ ನೆಲಕ್ಕೆ ಬಿತ್ತಂತೆ. ಆವತ್ತಿನಿಂದ ನಮ್ಮ ಮನೆಯ ಗಾಡಿಗಳು ಶನಿವಾರ ಉಪವಾಸ. ಕೋಗಿಲಿನಲ್ಲಿ ಆಗ ಬೇರೆ ಯಾರ ತೋಟಕ್ಕೂ ಆಲಿಕಲ್ಲು ಬೀಳಲಿಲ್ಲವೇ ಅಂತ ಹೊಸ ಸೊಸೆಯಾಗಿದ್ದಾಗ ಒಮ್ಮೆ ಕೇಳಿದ್ದೆ. ಎರಡನೇ ಸಲ ಕೇಳಲಿಲ್ಲ.

ಮಾರ್ಚ್ 4, ಮಂಗಳವಾರ

ಇವತ್ತು ಇವರು ನಮ್ಮ ಗೇಟಿಗೆ ಕಾರು ಗುದ್ದಿದರು. ನಮ್ಮದೇ ಗೇಟು. ತಮ್ಮ ಕೈಯಾರೆ ನಿಲ್ಲಿಸಿದ ಗೇಟು. "ಗೇಟು ಯಾಕೆ ಮುಚ್ಚಿದ್ದೆ?" ಅಂತ ನನ್ನ ಮೇಲೆ ರೇಗಿದರು. ಗೇಟು ಹಗಲಿಡೀ ಮುಚ್ಚೇ ಇತ್ತು. ಅದಕ್ಕೆ ಹೊಳೆಯುವ ಬಿಳಿ ಬಣ್ಣ ಬೇರೆ ಇದೆ.

ಅತ್ತೆ ಒಂದು ನಿಂಬೆಹಣ್ಣು ನಿವಾಳಿಸಿ ಹಾಕಿದರು. ನಾನು ಗೊರಗುಂಟೆಪಾಳ್ಯದ ಆಚೆ ಇರುವ ಕಣ್ಣಾಸ್ಪತ್ರೆಗೆ ಫೋನ್ ಮಾಡಿ ನಾಳೆಗೆ ಹೆಸರು ಬರೆಸಿದೆ.

ಮಾರ್ಚ್ 5, ಬುಧವಾರ

ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆಯಂತೆ. ಎಡಗಣ್ಣು ಆಗಲೇ ಹೆಚ್ಚುಕಡಿಮೆ ಹೋಗಿದೆ. ಗೋಡೆಯ ಮೇಲಿನ ಅತಿ ದೊಡ್ಡ ಅಕ್ಷರವನ್ನು ಇವರು "ಏನೋ ಒಂದು ಕಂಬ" ಅಂದರು. ಬಲಗಣ್ಣು ಉಳಿದಿದೆ, ಅದರಲ್ಲೂ ರಕ್ತ ಒಸರುತ್ತಿದೆ. ತಿಂಗಳಿಗೊಂದು ಇಂಜೆಕ್ಷನ್, ಅದೂ ಕಣ್ಣಿನೊಳಕ್ಕೇ.

ಡಾಕ್ಟರಮ್ಮ ಚಿಕ್ಕವಳು, ಆದರೆ ನೇರವಾಗಿ ಮಾತಾಡುತ್ತಾಳೆ. "ಸರ್, ಇವತ್ತಿಂದ ಡ್ರೈವಿಂಗ್ ಬಂದ್. ಮೇಡಂ, ನೀವು ಕೇಳಿಸ್ಕೊಳ್ಳಿ. ಕಣ್ಣೆದುರು ಕಪ್ಪು ಪರದೆ ಇಳಿದ ಹಾಗೆ ಆದ್ರೆ ನಾಳೆ ನೋಡೋಣ ಅನ್ಬೇಡಿ. ಅವತ್ತೇ, ಆಗಲೇ ಕರ್ಕೊಂಡ್ ಬನ್ನಿ. ತಡ ಆದ್ರೆ ಈ ಕಣ್ಣೂ ಉಳಿಯಲ್ಲ."

ಹೊರಗೆ ಬಂದು ಬೆಂಚಿನ ಮೇಲೆ ಕೂತೆವು. ಆಗ ನನಗೆ ಹೊಳೆಯಿತು. ಮದುವೆಗೆ ಹೋಗುವಾಗ ಇವರು ಮುಖ ಮುಂದೆ ತಂದು "ಎಲ್ಲೇ ಹತ್ತೈತೆ?" ಅಂದದ್ದು ನನ್ನನ್ನು ರೇಗಿಸಲು ಅಲ್ಲ. ಇವರಿಗೆ ಲೈಟೇ ಕಂಡಿರಲಿಲ್ಲ. ಎಷ್ಟು ತಿಂಗಳಿಂದ ಹೀಗೆ ಓಡಿಸುತ್ತಿದ್ದರೋ ದೇವರೇ ಬಲ್ಲ.

"ಯಾಕ್ರೀ ಹೇಳ್ಲಿಲ್ಲ?" ಅಂದೆ.

"ಏಳಿದ್ರೆ ನೀನು ಬೀಗ ಕಿತ್ಕೋತಿದ್ದೆ" ಅಂದರು. ಹಾಗೆ ಅನ್ನುತ್ತಲೇ ಜೇಬಿನಿಂದ ಕಾರಿನ ಬೀಗದ ಕೈ ತೆಗೆದು ನನ್ನ ಮಡಿಲಿಗೆ ಹಾಕಿದರು. ನನಗೆ ಬೈಯಬೇಕು ಅನ್ನಿಸಿತು. ಅಳು ಬಂತು. ಎರಡನ್ನೂ ಮಾಡದೆ ಎದ್ದು ಕಾಫಿ ತಂದೆ.

ಕಾರು ಆಸ್ಪತ್ರೆಯ ಅಂಗಳದಲ್ಲೇ ಉಳಿಯಿತು. ಆಟೋದಲ್ಲಿ ಮನೆಗೆ ಬಂದೆವು.

ಮಾರ್ಚ್ 10, ಸೋಮವಾರ

ತುಮಕೂರಿನಿಂದ ಮಗಳು ಶಾಂತಲಾ ಫೋನಿನಲ್ಲಿ, "ಕಾರು ಮಾರಿ ಅಮ್ಮ, ಕ್ಯಾಬ್‌ನಲ್ಲಿ ಓಡಾಡಿ" ಅಂದಳು. ಬ್ಯಾಂಕಿನಲ್ಲಿ ಕೂತವರಿಗೆ ಎಲ್ಲ ಸುಲಭ. ಇವತ್ತು ಕ್ಯಾಬ್ ಕರೆದೆ. ಮೊದಲನೆಯವನು "ಕೋಗಿಲಾ? ಒಳಗಡೆ ಬರಬೇಕಾ?" ಅಂದು ಕ್ಯಾನ್ಸಲ್ ಮಾಡಿದ. ಎರಡನೆಯವನು ಗೊರಗುಂಟೆಪಾಳ್ಯ ಅಂದ ಕೂಡಲೇ, ನಾನೇನೋ ಕಾಶಿಗೆ ಕರೆದವಳ ಹಾಗೆ, ಏನೂ ಹೇಳದೆ ಫೋನ್ ಇಟ್ಟ.

ಮಾರುವುದಿಲ್ಲ. ನಾನೇ ಕಲಿಯುತ್ತೇನೆ. ಇದನ್ನು ಊಟಕ್ಕೆ ಕೂತಾಗ ಹೇಳಿದೆ. ಇವರು ತುತ್ತು ಅರ್ಧದಲ್ಲಿ ನಿಲ್ಲಿಸಿ, "ನೀನಾ?" ಅಂದರು. ಅತ್ತೆಯೂ, "ನೀನಾ?" ಅಂದರು. ತಾಯಿ ಮಗ ಇಬ್ಬರದೂ ಒಂದೇ ದನಿ. ಸಾರು ಬಡಿಸಿದೆ.

ಮಾರ್ಚ್ 19, ಬುಧವಾರ

ನನ್ನ ಗುರುವಿನ ಹೆಸರು ಮಲ್ಕಾ. ಆರ್.ಟಿ. ನಗರದವಳು, ಹೆಂಗಸರಿಗೆ ಮಾತ್ರ ಕಾರು ಕಲಿಸುತ್ತಾಳೆ. ಆಸ್ಪತ್ರೆಯಲ್ಲಿ ಬಿಟ್ಟುಬಂದಿದ್ದ ನಮ್ಮ ಕಾರನ್ನು ಮನೆಗೆ ತಂದದ್ದೂ ಅವಳೇ. ಬೆಳಿಗ್ಗೆ ಸ್ಕೂಟರಿನಲ್ಲಿ ಬಂದು, ತಲೆವಸ್ತ್ರ ಸರಿಮಾಡಿಕೊಂಡು, "ಚಲೋ ಆಂಟಿ, ಇವತ್ತು ಯಾರನ್ನ ಸಾಯಿಸೋಣ?" ಅನ್ನುತ್ತಾಳೆ. ಮೊದಲ ದಿನ ಇದು ತಮಾಷೆ ಅಂದುಕೊಂಡಿದ್ದೆ.

ಯಲಹಂಕ ಕೆರೆಯ ಪಕ್ಕದ ರಸ್ತೆಯಲ್ಲಿ ನಾನು ಒಂದು ಎಮ್ಮೆಯನ್ನು ನೋಡಿ ಬ್ರೇಕ್ ತುಳಿದೆ. ಎಮ್ಮೆ ಬೇಲಿಯ ಆಚೆ ಇತ್ತು. ಮಲ್ಕಾ, "ಆಂಟಿ, ಆ ಎಮ್ಮೆ ಮನೇಲಿ ಕೂತಿದೆ, ನೀವು ಹೋಗಿ" ಅಂದಳು.

ಎಲ್ಲಕ್ಕಿಂತ ದೊಡ್ಡ ಕಷ್ಟ ಹಿಂದಿನ ಸೀಟಿನದು. ಮನೆಯಲ್ಲಿ ಬೇಜಾರು ಅಂತ ಇವರೂ ಬರುತ್ತಾರೆ. "ಕ್ಲಚ್ ಬಿಡು, ಗೇರ್ ಆಕು, ಎಡಕ್ಕೆ, ಎಡಕ್ಕೆ!" ಇವರು ಬಾಯಿ ತೆರೆದರೆ ಸಾಕು, ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಬೀಳುತ್ತದೆ. ಗಾಡಿ ಮುಗ್ಗರಿಸುತ್ತದೆ. "ಇಂಗೆ ಬ್ರೇಕ್ ತುಳಿದ್ರೆ ಪೆಟ್ರೋಲ್ ಕುಡೀತದೆ ಕಣೇ" ಅನ್ನುತ್ತಾರೆ. ಮಲ್ಕಾ ಹಿಂದೆ ತಿರುಗಿ, "ಅಂಕಲ್, ನೀವು ಮಾತಾಡೋದು ಬಿಟ್ರೆ ಅದೂ ಉಳಿಯುತ್ತೆ" ಅಂದಳು. ಇಷ್ಟು ವರ್ಷ ನಾನು ಹುಡುಕುತ್ತಿದ್ದ ಮಾತು.

ಕಾಲು ಟ್ಯಾಂಕಿಗೆ ಬಂದ ಕೂಡಲೇ ತುಂಬಿಸಬೇಕು, ಅದು ನನ್ನ ರೂಲ್ ಅಂತಲೂ ಅವಳು ಹೇಳಿದ್ದಾಳೆ. ಹಾಗೇ ಮಾಡುತ್ತೇನೆ. ಈ ಮನೆಯಲ್ಲಿ ಒಬ್ಬರಾದರೂ ಮನುಷ್ಯರ ಹಾಗೆ ಗಾಡಿ ಓಡಿಸಬೇಡವೇ?

ಮಾರ್ಚ್ 31, ಸೋಮವಾರ

ಹೊಸತೊಡಕು. ಮಟನ್ ಅಂಗಡಿಯ ಸಾಲು ಮೇನ್ ರೋಡಿನವರೆಗೂ ಬಂದಿತ್ತು. ಎಲ್ ಬೋರ್ಡ್ ಹಾಕಿಕೊಂಡು ನಾನೇ ಕಾರಿನಲ್ಲಿ ಹೋದೆ. ಪಕ್ಕದಲ್ಲಿ ಲೈಸೆನ್ಸ್ ಇರುವವರು ಕೂರಬೇಕು ಅನ್ನುವುದು ಕಾನೂನು. ಇವರಿಗೆ ಲೈಸೆನ್ಸ್ ಇದೆ, ಕಣ್ಣಿಲ್ಲ. ನನಗೆ ಕಣ್ಣಿದೆ, ಲೈಸೆನ್ಸ್ ಇಲ್ಲ. ಇಬ್ಬರೂ ಸೇರಿದರೆ ಸರ್ಕಾರದ ಪ್ರಕಾರ ಒಬ್ಬ ಡ್ರೈವರ್.

ಬರುವಾಗ ಬಂಕಿಗೆ ಹೋಗಿ ತುಂಬಿಸಿಕೊಂಡು ಬಂದೆ. ಮುಳ್ಳು ಮೇಲೆ ಹೋದದ್ದನ್ನು ನೋಡುತ್ತ ಒಂದು ಕ್ಷಣ ಹಾಗೇ ಕೂತಿದ್ದೆ. "ದುಂದು" ಅಂದರು ಇವರು.

ಏಪ್ರಿಲ್ 16, ಬುಧವಾರ

ಎರಡನೇ ಇಂಜೆಕ್ಷನ್ ಆಯಿತು. ಲೈಸೆನ್ಸ್ ಪರೀಕ್ಷೆಯೂ ಆಯಿತು, ಪಾಸು. ಎಂಟು ಬರೆಯುವ ಹಾಗೆ ಗಾಡಿ ತಿರುಗಿಸಿದೆ. ಇನ್ಸ್‌ಪೆಕ್ಟರು ಮುಖ ಎತ್ತಲೂ ಇಲ್ಲ. ಒಂದು "ಪರವಾಗಿಲ್ಲಮ್ಮ" ಅಂದಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಮಲ್ಕಾ ಹೊರಗೆ ನನ್ನನ್ನು ತಬ್ಬಿಕೊಂಡಳು.

ಕಣ್ಣಿಗೆ ಧೂಳು ಬೀಳಬಾರದು ಅಂತ ಡಾಕ್ಟರಮ್ಮ ಹೇಳಿದ್ದಾಳೆ. ಆದ್ದರಿಂದ ಇವರನ್ನು ಕೂರಿಸಿಕೊಂಡರೆ ಗಾಜು ಮುಚ್ಚಿ ಎ.ಸಿ. ಹಾಕುವುದು ಕಡ್ಡಾಯ. ಬಿಸಿಲಾಗಲಿ ಮಳೆಯಾಗಲಿ, ಆಸ್ಪತ್ರೆಗಾಗಲಿ ಸೊಪ್ಪು ತರುವುದಕ್ಕಾಗಲಿ. ಇವರು ಮೊದಮೊದಲು ಎ.ಸಿ. ಗುಂಡಿಯ ಕಡೆ ಕೈ ತಡಕುತ್ತಿದ್ದರು. ಕೈಗೆ ಹೊಡೆದೆ. ಈಗ ತೆಪ್ಪಗೆ ಕೂರುತ್ತಾರೆ.

ಏಪ್ರಿಲ್ 29, ಮಂಗಳವಾರ

ಇವರಿಗೆ ಹೊಸ ರೋಗ ಶುರುವಾಗಿದೆ. ಕಾರು ಹತ್ತಿದರೆ "ಪೆಟ್ರೋಲ್ ಎಷ್ಟೈತೆ?" ಯಲಹಂಕ ಸಂತೆ ಬೀದಿ ದಾಟಿದರೆ "ಪೆಟ್ರೋಲ್ ಎಷ್ಟೈತೆ?" ಸಿಗ್ನಲ್‌ನಲ್ಲಿ ನಿಂತರೆ "ಈಗೆಷ್ಟೈತೆ?" ಹೆಬ್ಬಾಳದ ಫ್ಲೈಓವರ್ ಮೇಲೆ ಹೆಂಡತಿಯ ಕೈಯಲ್ಲಿ ಗಾಡಿ ತಳ್ಳಿಸಿದ ಮನುಷ್ಯ ಇವರೇನಾ?

"ಓಡಿಸೋರಿಗೆ ಗೊತ್ತಿರುತ್ತೆ, ಪಕ್ಕ ಕೂತೋರಿಗೆ ಯಾಕೆ?" ಅಂದೆ.

ಕಿಟಕಿಯ ಕಡೆ ಮುಖ ತಿರುಗಿಸಿದರು, ಹೆಚ್ಚೇನೂ ಕಾಣದಿದ್ದರೂ. ಅತ್ತಲೇ ತಿರುಗಿಕೊಂಡು, "ಮೊದಲು ಮುಳ್ಳು ಕಾಣ್ತಿತ್ತು. ಈಗ ನೀನು ಏಳ್ದಷ್ಟೇ ನನಗೆ" ಅಂದರು.

ಮೀಟರ್ ನೋಡಿ, "ಕಾಲು ಟ್ಯಾಂಕ್‌ಗಿಂತ ಸ್ವಲ್ಪ ಕಮ್ಮಿ" ಅಂತ ಹೇಳಿದೆ. ತುಂಬಿಸಬೇಕಿತ್ತು. ಆದರೆ ಬಂಕಿನಲ್ಲಿ ಆಟೋಗಳ ಸಾಲು ಯಾರು ಕಾಯುತ್ತಾರೆ? ಈ ಗಾಡಿಯ ಮೀಟರ್ ಸ್ವಲ್ಪ ಕಮ್ಮಿಯೇ ತೋರಿಸುತ್ತದೆ, ನಾನು ಗಮನಿಸಿದ್ದೇನೆ.

ಮೇ 6, ಮಂಗಳವಾರ

ಬೆಳಿಗ್ಗೆ ವಿದ್ಯಾರಣ್ಯಪುರ, ಮಧ್ಯಾಹ್ನ ಯಲಹಂಕ, ಸಂಜೆ ಬಾಡಿಗೆ ಮನೆಯ ನಲ್ಲಿ ರಿಪೇರಿಗೆ ಪ್ಲಂಬರನ್ನು ಕರೆತಂದೆ. ಸಾಲದ್ದಕ್ಕೆ ಅತ್ತೆ ತಮ್ಮ ಗೆಳತಿ ಮುನಿವೆಂಕಟಮ್ಮನನ್ನೂ ಹತ್ತಿಸಿಕೊಂಡು ಮಾರಮ್ಮನ ಗುಡಿಗೆ ಬಿಡಿಸಿಕೊಂಡರು. "ನಮ್ಮ ಜ್ಯೋತಮ್ಮ ಬಸ್ ಓಡ್ಸೋ ಅಂಗೆ ಓಡಿಸ್ತಾಳೆ" ಅಂತ ಆಕೆಯ ಮುಂದೆ ಕೊಚ್ಚಿಕೊಂಡರು. ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ. ಆದರೂ ಗುಡಿಯ ಮುಂದೆ ಒಂದೇ ಸಲಕ್ಕೆ ರಿವರ್ಸ್ ತೆಗೆದು ತೋರಿಸಿದೆ.

ಮೇ 9, ಶುಕ್ರವಾರ

ಬರುವಾಗ ಲೈಟು ಹತ್ತಿತು. ಬಂಕಿನ ಮುಂದೆ ಲಾರಿಗಳು. ನಾಳೆ ಶನಿವಾರ, ಹಾಕಿಸುವ ಹಾಗಿಲ್ಲ. ಸೋಮವಾರ ನೋಡಿದರಾಯಿತು. ನಾಳೆ ನಾಡಿದ್ದು ಎಲ್ಲಿಗೂ ಹೋಗುವ ಕೆಲಸವಿಲ್ಲ. ಹೋದರೂ ಇನ್ನೂ ನಲವತ್ತು ಓಡುತ್ತೆ, ನನಗೆ ನನ್ನ ಗಾಡಿ ಗೊತ್ತು.

ಮಾವಿನಕಾಯಿ ಉಪ್ಪಿನಕಾಯಿ ಹಾಕಿದೆ.

ಮೇ 11, ಭಾನುವಾರ

ಆಸ್ಪತ್ರೆಯ ಮೆಟ್ಟಿಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ಆಪರೇಷನ್ ನಡೆಯುತ್ತಿದೆ. ಕೈ ಸುಮ್ಮನಿದ್ದರೆ ತಲೆ ಕೆಡುತ್ತದೆ.

ನಿನ್ನೆ ಊಟವಾಗಿ ಅತ್ತೆ ಅಡ್ಡಾಗಿದ್ದರು. ಇವರು ಜಗಲಿಯ ಮೇಲೆ ಕೂತಿದ್ದರು. ಮಟಮಟ ಬಿಸಿಲು. ನಾನು ಅಡುಗೆಮನೆ ಒರೆಸುತ್ತಿದ್ದೆ.

"ಜ್ಯೋತಿ, ಕರೆಂಟ್ ಓಯ್ತಾ?" ಅಂದರು.

ಜಗಲಿಯಲ್ಲಿ ಕೂತು, ನೆತ್ತಿಯ ಮೇಲೆ ಸೂರ್ಯ ಇರುವಾಗ, ಕರೆಂಟು ಹೋಯಿತಾ ಅಂತ ಕೇಳುತ್ತಿದ್ದಾರೆ. ನನ್ನ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. ಓಡಿ ಹೋದೆ. ಬಲಗಣ್ಣಿನ ಮುಂದೆ ಕೈ ಆಡಿಸುತ್ತಿದ್ದರು. "ಮೇಲಿಂದ ಕಪ್ಪಗೆ ಇಳೀತಾ ಐತೆ ಕಣೇ. ಕೆಳಗೆ ಒಸಿ ಕಾಣ್ತೈತೆ. ನಿನ್ನ ಕಾಲು ಕಾಣ್ತೈತೆ."

ಆಸ್ಪತ್ರೆಗೆ ಫೋನ್ ಮಾಡಿದೆ. ಡಾಕ್ಟರಮ್ಮನೇ ಸಿಕ್ಕಳು. "ಈಗಲೇ ಹೊರಡಿ, ನಾನು ಕಾಯ್ತೀನಿ" ಅಂದಳು. ಕ್ಯಾಬ್ ಕರೆದೆ, ಕ್ಯಾನ್ಸಲ್. ಮತ್ತೆ ಕರೆದೆ, ಮತ್ತೆ ಕ್ಯಾನ್ಸಲ್. ಬೀಗದ ಕೈ ತಗೊಂಡೆ. ಇವರನ್ನು ಕೂರಿಸಿ ಬೆಲ್ಟ್ ಹಾಕಿದೆ. ಅತ್ತೆ ಬರಿಗಾಲಿನಲ್ಲಿ ಗೇಟಿನವರೆಗೆ ಓಡಿಬಂದು, "ಎಣ್ಣೆ ಐತೇನವ್ವಾ?" ಅಂದರು.

"ಇದೆ ಅತ್ತೆ" ಅಂದೆ. ಗಾಡಿ ಚಾಲೂ ಮಾಡಿದಾಗ ಲೈಟು ಉರಿಯುತ್ತಿತ್ತು.

ಯಲಹಂಕದ ಬಂಕಿಗೆ ನುಗ್ಗಬೇಕು ಅಂದುಕೊಂಡಿದ್ದೆ. ಶನಿ ಬೇಕಾದರೆ ನನ್ನ ತಲೆಯ ಮೇಲೇ ಕೂರಲಿ ಅನ್ನಿಸಿತ್ತು. ನೋಡಿದರೆ ಹಗ್ಗ ಅಡ್ಡ ಕಟ್ಟಿದ್ದರು. ಒಳಗೆ ಟ್ಯಾಂಕರ್ ನಿಂತು ಪೆಟ್ರೋಲ್ ಇಳಿಸುತ್ತಿತ್ತು. ಅದು ಮುಗಿಯುವವರೆಗೆ ಯಾರಿಗೂ ಹಾಕುವುದಿಲ್ಲ. ನಾನು ವೇಗ ತಗ್ಗಿಸಿದ್ದು ಇವರಿಗೆ ಗೊತ್ತಾಯಿತು.

"ಯಾಕೆ ಸ್ಲೋ ಆಯ್ತು?"

"ಹಂಪ್ ಇತ್ತು."

"ಪೆಟ್ರೋಲ್ ಎಷ್ಟೈತೆ?"

ಒಂದು ಕೈಯಿಂದ ಬಲಗಣ್ಣು ಮುಚ್ಚಿಕೊಂಡಿದ್ದರು. ಇನ್ನೊಂದು ಕೈಯಲ್ಲಿ ಬಾಗಿಲಿನ ಹಿಡಿ ಹಿಡಿದಿದ್ದರು, ಬೆರಳ ಗೆಣ್ಣು ಬೆಳ್ಳಗಾಗುವಷ್ಟು ಬಿಗಿಯಾಗಿ. ನಾನು ಯೋಚನೆ ಮಾಡಲಿಲ್ಲ.

"ಅರ್ಧ ಟ್ಯಾಂಕ್ ಇದೆ. ಆರಾಮಾಗಿ ಕೂತ್ಕೊಳ್ಳಿ."

ಆಮೇಲೆ ಎ.ಸಿ. ಆಫ್ ಮಾಡಿದೆ. ಶನಿವಾರದ ಮಧ್ಯಾಹ್ನ ಏರ್‌ಪೋರ್ಟ್ ರಸ್ತೆಗೆ ಹೋದರೆ ಹೆಬ್ಬಾಳದಲ್ಲಿ ನಿಂತು ನಿಂತೇ ಟ್ಯಾಂಕು ಒಣಗುತ್ತದೆ. ಅದಕ್ಕೆ ವಿದ್ಯಾರಣ್ಯಪುರದ ಒಳರಸ್ತೆಗೆ ತಿರುಗಿಸಿದೆ. ಇವರು ಎಷ್ಟೋ ವರ್ಷ ಹೇಳಿ ಹೇಳಿ ನನ್ನ ತಲೆ ತಿಂದದ್ದೆಲ್ಲ ತಾನಾಗಿ ಕೈಗೆ ಬಂತು. ಮೇಲಿನ ಗೇರಿನಲ್ಲೇ ಇರು, ಆಕ್ಸಿಲರೇಟರ್ ಒತ್ತಬೇಡ, ಮುಂದೆ ಸಿಗ್ನಲ್ ಕಂಡರೆ ದೂರದಿಂದಲೇ ಕಾಲು ತೆಗೆ, ಇಳಿಜಾರು ಸಿಕ್ಕರೆ ಅದರ ಪಾಡಿಗೆ ಉರುಳಲು ಬಿಡು. ಇನ್ನೊಂದು ಬಂಕು ಕಂಡಿತು, ಡಿವೈಡರಿನ ಆಚೆ. ಸುತ್ತಿ ಬರಲು ಆಗುವುದಿಲ್ಲ, ಬಿಟ್ಟೆ. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಒಂದೇ ಸಮ ದೇವರನ್ನು ಬೇಡಿಕೊಂಡೆ. ಯಾವ ದೇವರು ಅಂತ ನೆನಪಿಲ್ಲ.

ಆಶ್ಚರ್ಯ ಅಂದರೆ ಇವರು ಒಂದು ಮಾತೂ ಆಡಲಿಲ್ಲ. ಗೇರ್ ಅನ್ನಲಿಲ್ಲ, ಎಡಕ್ಕೆ ಅನ್ನಲಿಲ್ಲ. ಪೆಟ್ರೋಲ್ ಎಷ್ಟೈತೆ ಅಂತ ಮತ್ತೆ ಕೇಳಲೂ ಇಲ್ಲ. ಹೆದರಿ ಬಾಯಿ ಕಟ್ಟಿಹೋಗಿದೆ ಅಂದುಕೊಂಡೆ.

ಗೊರಗುಂಟೆಪಾಳ್ಯದ ಸಿಗ್ನಲ್ ದಾಟಿ, ಮೆಟ್ರೋ ಕಂಬಗಳ ಹತ್ತಿರ ಗಾಡಿ ಕೆಮ್ಮಿತು. ಎಡಕ್ಕೆ ಎಳೆದೆ. ನಿಂತಿತು. ಆಸ್ಪತ್ರೆಯ ಬೋರ್ಡು ಎದುರಿಗೇ ಕಾಣುತ್ತಿತ್ತು.

"ಪಾರ್ಕಿಂಗ್ ಸಿಗಲ್ಲ ಅಲ್ಲಿ. ಇಲ್ಲೇ ನಿಲ್ಲಿಸಿದೀನಿ, ನಡೆದುಬಿಡೋಣ" ಅಂದೆ.

"ಸರಿ" ಅಂದರು.

ಇವರ ಬಾಯಲ್ಲಿ "ಸರಿ" ಅನ್ನುವ ಮಾತು ನಾನು ಕೇಳಿದ್ದು ಕಮ್ಮಿ. ಕೈ ಹಿಡಿದುಕೊಂಡೆ. ಲಾರಿ, ಬಸ್ಸು, ಆಟೋ ಎಲ್ಲದರ ನಡುವೆ ಇವರನ್ನು ಹಿಡಿದುಕೊಂಡು ನಡೆದೆ. ಇವರು ತಲೆ ಬಗ್ಗಿಸಿ ನನ್ನ ಕಾಲನ್ನೇ ನೋಡುತ್ತ ಹೆಜ್ಜೆ ಹಾಕಿದರು. ಇವರಿಗೆ ಕಾಣುತ್ತಿದ್ದದ್ದು ಅಷ್ಟೇ.

ಡಾಕ್ಟರಮ್ಮ ಬಾಗಿಲಿನಲ್ಲೇ ನಿಂತಿದ್ದಳು. ನೋಡಿದವಳೇ, "ಕಣ್ಣಿನ ಹಿಂದಿನ ಪರದೆ ಕಿತ್ಕೊಂಡಿದೆ, ನಡುಭಾಗ ಇನ್ನೂ ಬಿಟ್ಟಿಲ್ಲ. ಒಳ್ಳೇ ಟೈಮಿಗೆ ಬಂದ್ರಿ, ಬೆಳಿಗ್ಗೆನೇ ಆಪರೇಷನ್" ಅಂದು ಒಳಗೆ ಕರೆದುಕೊಂಡಳು. ನಾನು ಗೋಡೆಗೆ ಒರಗಿ ನಿಂತೆ.

ಸಂಜೆ ಕಾರು ನೋಡಲು ಹೋದರೆ ಟ್ರಾಫಿಕ್ ಪೊಲೀಸ್ ಒಬ್ಬ ಅದರ ಸುತ್ತ ಸುತ್ತುತ್ತಿದ್ದ. ಪೆಟ್ರೋಲ್ ಮುಗಿದಿದೆ ಅಂದೆ. "ಏನಮ್ಮಾ, ಲೈಟ್ ನೋಡ್ಕೊಳ್ಳಲ್ವಾ? ಗಂಡಸರು ಓಡಿಸಿದ್ರೆ ಇಂಗೆಲ್ಲ ಆಗಲ್ಲ" ಅಂದ. ನನಗೆ ನಗು ಬಂತು. ಎಷ್ಟು ನಕ್ಕೆ ಅಂದರೆ ಅವನು ಹೆದರಿ ಗಾಡಿ ತಳ್ಳಲು ಕೈ ಕೊಟ್ಟ. ಕೊನೆಗೆ ನಗುತ್ತಿದ್ದೇನೋ ಅಳುತ್ತಿದ್ದೇನೋ ನನಗೇ ಗೊತ್ತಾಗಲಿಲ್ಲ.

ಈಗ ನರ್ಸ್ ಕರೆಯುತ್ತಿದ್ದಾಳೆ.

ಮೇ 13, ಮಂಗಳವಾರ

ಮನೆಗೆ ಬಂದೆವು. ಕಣ್ಣಿನೊಳಗೆ ಗಾಳಿ ತುಂಬಿದ್ದಾರಂತೆ. ಅದು ಆ ಕಿತ್ತ ಪರದೆಯನ್ನು ಒತ್ತಿ ಹಿಡಿಯಬೇಕು, ಅದಕ್ಕೆ ಹಗಲೂ ರಾತ್ರಿ ಮುಖ ಕೆಳಗೆ ಹಾಕಿಕೊಂಡೇ ಇರಬೇಕು. ಭೀಮರಾಜ್ ಸಾಹೇಬರು ಮಂಚದ ಅಂಚಿನಿಂದ ತಲೆ ಇಳಿಬಿಟ್ಟು ಮಲಗಿದ್ದಾರೆ. ಯಾರು ಬಂದರೂ ನೆಲವನ್ನೇ ಮಾತಾಡಿಸುತ್ತಾರೆ. "ನಮಸ್ಕಾರ ಬನ್ನಿ" ಅಂತ ಮೊಸಾಯಿಕ್ಕಿಗೆ ಹೇಳುತ್ತಾರೆ. ಮುನಿವೆಂಕಟಮ್ಮ ನೋಡಲು ಬಂದವಳು ಉತ್ತರ ಕೊಡುವುದಕ್ಕೆ ತಾನೂ ನೆಲದ ಮೇಲೇ ಕೂತಳು.

ಎಷ್ಟು ಕಾಣುತ್ತದೋ ಗಾಳಿ ಕರಗಿದ ಮೇಲೇ ಗೊತ್ತಾಗುವುದು. "ಇದ್ದಷ್ಟನ್ನ ಉಳಿಸಿದೀವಿ. ಮುಂದಕ್ಕೆ ಎಷ್ಟು ದಿನ ಅಂತ ನಾನು ಗ್ಯಾರಂಟಿ ಕೊಡಲ್ಲ" ಅಂದಿದ್ದಾಳೆ ಡಾಕ್ಟರಮ್ಮ. "ರಿಸರ್ವ್‌ಗೆ ಬಿದ್ದೈತೆ ಅನ್ನಿ" ಅಂದರು ಇವರು. ಅವಳು ನಕ್ಕಳು. ನನಗೆ ಮೈಯೆಲ್ಲ ಉರಿಯಿತು.

ಸ್ಟ್ರಾ ಹಾಕಿ ಮಜ್ಜಿಗೆ ಕುಡಿಸಲು ನೆಲದ ಮೇಲೆ ಕೂತೆ. ಆಗ ಹೇಳಿಬಿಡೋಣ ಅನ್ನಿಸಿತು. "ರೀ, ಅವತ್ತು..." ಅಂತ ಶುರುಮಾಡಿದೆ.

"ಅರ್ಧ ಟ್ಯಾಂಕ್ ಇರೋ ಗಾಡೀಲಿ ಯಾರಾದ್ರೂ ಎ.ಸಿ. ಆಫ್ ಮಾಡ್ತಾರೇನೇ?" ಅಂದರು, ನೆಲಕ್ಕೆ.

ಲೋಟವನ್ನು ನೆಲಕ್ಕಿಟ್ಟೆ.

"ಯಲಹಂಕ ದಾಟೋವಾಗ್ಲೇ ಗೊತ್ತಾಯ್ತು ಬಿಡು."

"ಮತ್ತೆ ಯಾಕ್ರೀ ಸುಮ್ಮನಿದ್ರಿ?"

"ನಾನು ಬಾಯಿ ಬಿಟ್ರೆ ನೀನು ಬ್ರೇಕ್ ತುಳೀತೀಯಾ. ಬ್ರೇಕ್ ತುಳಿದ್ರೆ ಪೆಟ್ರೋಲ್ ಕುಡೀತದೆ." ಸ್ಟ್ರಾ ಹುಡುಕಿ ಒಂದು ಗುಟುಕು ಎಳೆದರು. "ಅದಕ್ಕೆ ಬಾಯಿ ಮುಚ್ಕೊಂಡು ಕೂತಿದ್ದೆ. ಜೀವ ಬಾಯಿಗೆ ಬಂದಿತ್ತು ಕಣೇ."

ಲೋಟ ಖಾಲಿಯಾಗಿತ್ತು. ಇವರ ತಲೆಗೆ ಎಣ್ಣೆ ಹಚ್ಚಿ ಎಷ್ಟೋ ದಿನವಾಗಿತ್ತು. ಹಚ್ಚಿದೆ.

ಮೇ 17, ಶನಿವಾರ

ಇವತ್ತು ತೋರಿಸಲು ಹೋಗಬೇಕಿತ್ತು. ಆಸ್ಪತ್ರೆಯಿಂದ ಹೊರಡುವಾಗ ಬಾಟಲಿಯಲ್ಲಿ ತಂದು ಹಾಕಿದ್ದ ಪೆಟ್ರೋಲ್ ಮನೆ ಸೇರಿಸಿ ಸುಮ್ಮನಾಗಿತ್ತು. ಈ ವಾರವೆಲ್ಲ ಮಂಚದ ಪಕ್ಕ ಬಿಟ್ಟು ಎದ್ದಿಲ್ಲ, ಬಂಕಿನ ನೆನಪು ಯಾರಿಗಿತ್ತು. ಚಾಲೂ ಮಾಡಿದರೆ ಲೈಟು. ಬಂಕು ಮುಟ್ಟುವಷ್ಟು ಇದೆ, ಆದರೆ ಶನಿವಾರ. ಏನು ಮಾಡಲಿ ಅಂತ ಸ್ಟೇರಿಂಗ್ ಹಿಡಿದು ಕೂತಿದ್ದೆ.

ಅತ್ತೆ ಗೇಟು ತೆಗೆದು ಕಿಟಕಿಯ ಹತ್ತಿರ ಬಂದರು. "ಮೊದಲು ಬಂಕಿಗೆ ಓಗು. ಬಾಯಿಮಟ್ಟ ಆಕ್ಸು" ಅಂದರು.

"ಅತ್ತೆ, ಇವತ್ತು ಶನಿವಾರ."

"ಗೊತ್ತು ಕಣವ್ವಾ. ಶನಿವಾರ ಅಂತ ನನಗೆ ನೀನು ಏಳಿಕೊಡ್ತೀಯಾ? ಇದ್ದಿದ್ದು ದ್ರಾಕ್ಷಿ ಓಯ್ತು, ಓಗ್ಲಿ. ಇವನ ಕಣ್ಣೂ ಓಗ್ಬೇಕಾ? ಆಲಿಕಲ್ಲು ಬಿದ್ರೆ ನನ್ನ ತಲೆ ಮೇಲೆ ಬೀಳ್ಲಿ, ಓಗು." ಸೆರಗಿನಿಂದ ಕಣ್ಣು ಒರೆಸಿಕೊಂಡು ಗೇಟಿನ ಕಂಬ ಹಿಡಿದು ನಿಂತರು. ಈಗ ನನ್ನ ಅತ್ತೆಯ ಬಗ್ಗೆ ಏನು ಬರೆಯಬೇಕೋ ತಿಳಿಯುತ್ತಿಲ್ಲ. ಬೈಯುವುದಕ್ಕೆ ಅಂತ ಶುರುಮಾಡಿದ ಡೈರಿ ಇದು.

ಬಂಕಿನ ಹುಡುಗಿ "ಎಷ್ಟು ಮೇಡಂ?" ಅಂದಳು. "ಫುಲ್" ಅಂದೆ. "ಜೀರೋ ನೋಡ್ಕೊಳ್ಳಿ" ಅಂದಳು. ಇವರು ಕಪ್ಪು ಕನ್ನಡಕ ಹಾಕಿ, ತಲೆ ಎದೆಗೆ ಬಗ್ಗಿಸಿಕೊಂಡು ಕೂತಿದ್ದವರು, "ಜೀರೋ ನೋಡಿದ್ಯಾ?" ಅಂದರು. ನೋಡಿದೆ ಅಂದೆ. ಪೈಪಿನ ಸದ್ದು ನಿಲ್ಲುವವರೆಗೂ ಕಿವಿಗೊಟ್ಟು ಕೂತಿದ್ದರು.

ಗಾಡಿ ಚಾಲೂ ಮಾಡಿದೆ.

"ಮುಳ್ಳು ಎಲ್ಲೈತೆ?"

"ಮೇಲೆ. ಫುಲ್ ಆಗಿದೆ."

"ನಿಜಾನಾ?"

ಏನು ಹೇಳಿದರೂ ಇವರಿಗೆ ನನ್ನ ಮಾತೇ ಗತಿ. ಆ ಮಾತಿಗೆ ಅವತ್ತಿನಿಂದ ಬೆಲೆ ಎಷ್ಟು ಅಂತ ಇಬ್ಬರಿಗೂ ಗೊತ್ತಿತ್ತು. ಕೈ ಚಾಚಿ ಎ.ಸಿ. ಹಾಕಿದೆ, ಪೂರ್ತಿ ತಿರುಗಿಸಿ. ತಣ್ಣನೆಯ ಗಾಳಿ ಇವರ ಮುಖಕ್ಕೆ ನೇರವಾಗಿ ಬಡಿಯಿತು.

ಅದನ್ನು ಮುಖಕ್ಕೆ ತಗೊಳ್ಳುತ್ತ ಬಾಗಿಲಿನ ಹಿಡಿಯಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

"ಒಸಿ ಕಮ್ಮಿ ಮಾಡು" ಅಂದರು ಕೊನೆಗೆ. "ಪೆಟ್ರೋಲ್ ಕುಡೀತದೆ."

ಕಮ್ಮಿ ಮಾಡಲಿಲ್ಲ.